ಬಲಕ್ಕೆ ವಾಲಿದ ತುಂಗಿ

ಮೊರದಲ್ಲಿ ಅಕ್ಕಿ ಕೇರುತ್ತಿದ್ದೆ. ಕಲ್ಲು, ನುಚ್ಚು, ಹೊಟ್ಟು ಎಲ್ಲ ಮೊರದ ಎಡ ಮೂಲೆಗೆ ಬಂದು ಸೇರಿದ್ದವು. ಒಳ್ಳೆಯ ಅಕ್ಕಿಯೂ ಅವುಗಳ ಹಿಂದೆಯೇ ಹೋಗಿತ್ತು. ನಮ್ಮ ಊರಿನಲ್ಲಿ ಅಕ್ಕಿ ಕೇರುವುದೆಂದರೆ ಹೀಗೆಯೇ. ಕೇರುವವಳು ಎಡಕ್ಕೆ ವಾಲಿರುತ್ತಾಳೆ, ಮೊರವೂ ಅವಳ ಜೊತೆ ವಾಲಿರುತ್ತದೆ. ಅದಕ್ಕೆ ಎಡಗಡೆ ಇನ್ನೊಂದು ಮೊರ ಇಟ್ಟುಕೊಂಡು, ಬಿದ್ದದ್ದನ್ನು ಮತ್ತೆ ಸುರಿದುಕೊಂಡು, ಮತ್ತೆ ಕೇರಬೇಕು. ಬೇರೆ ಊರಿನ ಹೆಂಗಸರು ಒಂದು ಸಲ ಮಾಡುವ ಕೆಲಸವನ್ನು ನಾವು ಎರಡೆರಡು ಸಲ ಮಾಡುತ್ತೇವೆ. ನಮ್ಮ ಊರಿನ ಹೆಂಗಸರು ಬಹಳ ತಾಳ್ಮೆಯವರು ಎಂದು ಗಂಡಸರು ಭಾಷಣದಲ್ಲಿ ಹೊಗಳುವುದು ಇದಕ್ಕೇ ಇರಬೇಕು.

ಆಗ ಪಕ್ಕದ ಮನೆಯ ಹನುಮಕ್ಕ ಬಾಗಿಲಲ್ಲಿ ಓರೆಯಾಗಿ ತಲೆ ಹಾಕಿದಳು. "ಓಬಜ್ಜೀ, ಮೊರ ಕೆಳಗಿಡು. ನಮ್ಮ ತುಂಗಿ ಮೈಮೇಲಿನ ಸೀತಾಳೆ ಹಕ್ಕಳೆ ಪೂರಾ ಉದುರೈತೆ. ನೀರು ಹಾಕ್ದೆ. ಈಗ ನಡೆಸ್ತೀವಿ, ಬಾ."

"ತಲೆನೋವು ಅಂತಿದ್ಲಲ್ಲೇ ಹುಡುಗಿ?"

"ಈಗ್ಲೂ ಅಂತಾಳೆ. ಬೆಳಿಗ್ಗೆ ಒಂದ್ಸಲ ಕಕ್ಕಿಕೊಂಡ್ಲು. ವಾಲಾಕೆ ಮುಂಚೆ ಹಂಗೇ ಆಗ್ತೈತಂತೆ, ಸೂರಪ್ಪ ಅಂದ."

ಸೂರಪ್ಪ ನಮ್ಮ ಊರಿನ ಕಾಂಪೌಂಡರ್. ಅವನು ಅಂದ ಮೇಲೆ ಮುಗಿಯಿತು. ಊರಿನಲ್ಲಿ ಬೇರೆ ಯಾರೂ ಅನ್ನುವವರಿಲ್ಲ.

ಮಕ್ಕಳಿಗೆ ಸೀತಾಳೆ ಸಿಡುಬು ಎಲ್ಲ ಊರಿನಲ್ಲೂ ಬರುತ್ತದೆ. ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಾರೆ, ಎಳನೀರು ಕುಡಿಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ. ಹಕ್ಕಳೆ ಉದುರಿ ತಲೆಗೆ ನೀರು ಬಿದ್ದ ಮೇಲೆ ಬೇರೆ ಊರಿನ ಮಕ್ಕಳು ಆಟಕ್ಕೆ ಓಡುತ್ತಾರೆ. ನಮ್ಮವರು ಎಡಕ್ಕೆ ವಾಲುತ್ತಾರೆ. ವಾಲಿದವರು ವಾಲಿಕೊಂಡೇ ದೊಡ್ಡವರಾಗಿ, ಮದುವೆಯಾಗಿ, ಮಕ್ಕಳು ಮಾಡಿಕೊಂಡು, ಕಡೆಗೆ ಓರೆಯಾಗಿ ತೋಡಿದ ಗುಂಡಿಗೆ ಹೋಗುತ್ತಾರೆ. ನಾನೂ ಏಳನೆಯ ವಯಸ್ಸಿನಲ್ಲಿ ವಾಲಿದವಳು. ಅಂದಿನಿಂದ ಈ ಲೋಕದ ಒಂದು ನೆಟ್ಟಗಿನ ಗೋಡೆಯನ್ನೂ ನೆಟ್ಟಗೆ ಕಂಡಿಲ್ಲ.

ಊರು ನಮಗೆ ತಕ್ಕ ಹಾಗೆ ಆಗಿದೆ. ಬೀದಿಗಳ ಎಡಗಡೆ ಸೊಂಟದ ಎತ್ತರಕ್ಕೆ ಹಗ್ಗ ಎಳೆದಿದ್ದಾರೆ. ಅದನ್ನು ಹಿಡಿದರೆ ಹೋಗಬೇಕಾದ ಕಡೆ ಹೋಗುತ್ತೇವೆ. ಶಾಲೆಯ ಬೆಂಚುಗಳ ಒಂದು ಕಡೆಯ ಕಾಲುಗಳನ್ನು ಕೊಯ್ದಿದ್ದಾರೆ. ಫೋಟೋ ಸ್ಟುಡಿಯೋದವನು ಕ್ಯಾಮೆರಾವನ್ನೇ ಓರೆ ಮಾಡಿ ತೆಗೆಯುವುದರಿಂದ ಮದುವೆಗೆ ಕಳಿಸುವ ಫೋಟೋಗಳಲ್ಲಿ ಹುಡುಗಿಯರೆಲ್ಲ ಕಂಬದ ಹಾಗೆ ನಿಂತಿರುತ್ತಾರೆ, ಹಿಂದಿನ ಗೋಡೆ ಮಾತ್ರ ಬೀಳುತ್ತಿರುತ್ತದೆ. ಹಗ್ಗ ಮುಗಿಯುವುದು ಊರಾಚೆಯ ಹುಣಸೆಮರದ ಹತ್ತಿರ. ಅದರಾಚೆ ಬರೀ ಬಯಲು, ಬಯಲಿನಾಚೆ ಬಸ್ಸು ಓಡಾಡುವ ದೊಡ್ಡ ರಸ್ತೆ. ಆ ಬಯಲಿಗೆ ಇಳಿದ ನಮ್ಮವರು ಎಷ್ಟೇ ನೆಟ್ಟಗೆ ಹೊರಟರೂ ಕಾಲು ಎಡಕ್ಕೆ, ಇನ್ನೂ ಎಡಕ್ಕೆ ಎಳೆದು, ದೊಡ್ಡದೊಂದು ಸುತ್ತು ಹಾಕಿ ಮತ್ತೆ ಹುಣಸೆಮರದ ಬುಡಕ್ಕೇ ಬಂದು ನಿಲ್ಲುತ್ತಾರೆ. ನನ್ನ ಗಂಡ ನನ್ನನ್ನು ಬಿಟ್ಟು ಹೋಗುತ್ತೇನೆಂದು ಎರಡು ಸಲ ಹೊರಟಿದ್ದ. ಎರಡು ಸಲವೂ ಊಟದ ಹೊತ್ತಿಗೆ ಸರಿಯಾಗಿ ವಾಪಸು ಬಂದ. ನಮ್ಮ ಊರಿನಲ್ಲಿ ಸಂಸಾರಗಳು ಗಟ್ಟಿ ಎನ್ನುತ್ತಾರೆ.

ಮಗು ಮೊದಲ ಸಲ ವಾಲುವ ದಿನ ನಮ್ಮಲ್ಲಿ ಸಂಭ್ರಮ. ಹೊಸಲಿನಿಂದ ಅಂಗಳಕ್ಕೆ ನಡೆಸುತ್ತೇವೆ. ಮಗು ಎಡಕ್ಕೆ ವಾಲಿದ ಕೂಡಲೇ ಆರತಿ ಎತ್ತಿ, ಕೊಬ್ಬರಿ ಬೆಲ್ಲ ಹಂಚಿ, "ನಮ್ಮವಳಾದಳು" ಎನ್ನುತ್ತೇವೆ. ಹನುಮಕ್ಕನ ಅಂಗಳದಲ್ಲಿ ಓಣಿಯೆಲ್ಲ ಸೇರಿತ್ತು. ಒಬ್ಬಳೇ ಮಗಳು, ಗಂಡ ತೀರಿಕೊಂಡ ಮೇಲೆ ಹನುಮಕ್ಕನಿಗೆ ಹೇಳಿಕೊಳ್ಳಲು ಇದ್ದ ಸಂಭ್ರಮ ಅದೊಂದೇ. ತುಂಗಿ ಹೊಸ ಲಂಗ ಉಟ್ಟು ಹೊಸಲ ಮೇಲೆ ನಿಂತಿದ್ದಳು. ಮುಖ ಬಾಡಿತ್ತು, ಕಣ್ಣುಗಳು ಅರ್ಧ ಮುಚ್ಚಿದ್ದವು.

"ಬಾರೇ ಮಗಳೇ, ಅವ್ವನ ಹತ್ರ ಬಾ," ಎಂದು ಹನುಮಕ್ಕ ಕೈ ಚಾಚಿದಳು.

ತುಂಗಿ ಕಾಲು ಕಿತ್ತಿಟ್ಟಳು, ಮತ್ತೊಂದು ಹೆಜ್ಜೆ ಇಟ್ಟಳು. ಆಮೇಲೆ ಬಲಕ್ಕೆ ವಾಲಿದಳು.

ಆರತಿ ತಟ್ಟೆ ಹಿಡಿದವಳು ಅದನ್ನು ಕೆಳಗಿಟ್ಟಳು. ಕೊಬ್ಬರಿ ಅಗಿಯುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು. ನುಂಗಿದವರು ನುಂಗಿದ್ದಕ್ಕೆ ಪಶ್ಚಾತ್ತಾಪಪಟ್ಟವರಂತೆ ಮುಖ ಮಾಡಿದರು.

"ಇನ್ನೊಂದ್ ಸಲ ನಡೆಸ್ರಿ," ಎಂದ ಸೂರಪ್ಪ. "ಮೊದಲ ಸಲ ಮಕ್ಕಳು ಗಾಬ್ರಿ ಆಗ್ತವೆ."

ಇನ್ನೊಂದು ಸಲ ನಡೆಸಿದರು. ಬಲಕ್ಕೇ ವಾಲಿದಳು. ತುಳಸಿ ಕಟ್ಟೆಗೆ ಡಿಕ್ಕಿ ಹೊಡೆದು ಅಲ್ಲೇ ಕುಳಿತು, "ಅವ್ವಾ ತಲೆ ನೋಯ್ತೈತೆ, ಮಲಗ್ತೀನಿ," ಎಂದಳು. ಯಾರೂ ಅವಳ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಎಲ್ಲರೂ ಅವಳು ವಾಲಿದ ದಿಕ್ಕನ್ನು ನೋಡುತ್ತಿದ್ದರು.

ಸಂಜೆಗೆ ಊರಾಭಿವೃದ್ಧಿ ಸಮಿತಿಯ ತುರ್ತು ಸಭೆ ಸೇರಿತು. ನಮ್ಮ ಸಮಿತಿ ಯಾವುದನ್ನಾದರೂ ತುರ್ತಾಗಿ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಧ್ಯಕ್ಷ ರುದ್ರಮುನಿಯಪ್ಪನವರು ನನಗೂ ಹೇಳಿ ಕಳಿಸಿದರು. ನಾನು ಸದಸ್ಯೆಯಲ್ಲ, ನನ್ನ ಅಕ್ಷರ ದುಂಡಗಿದೆ, ಅಷ್ಟೇ. ಬಹಳ ಹಿಂದೆ ಹೊರಗಿನಿಂದ ಒಬ್ಬ ಮೇಷ್ಟ್ರು ಬಂದು ರಾತ್ರಿ ಶಾಲೆ ನಡೆಸಿದ್ದರು. ಆಗಲೇ ಮೊಮ್ಮಕ್ಕಳನ್ನು ಕಂಡಿದ್ದ ನಾನು ಸ್ಲೇಟು ಹಿಡಿದುಕೊಂಡು ಹೋಗಿ ಕುಳಿತೆ. ಎಲ್ಲರೂ ನಕ್ಕರು. ನಗಲಿ, ಅವರಿಗೂ ಸಂಜೆ ಹೊತ್ತು ಹೋಗಬೇಕಲ್ಲ. ಮೇಷ್ಟ್ರು ನೆಟ್ಟಗೆ ನಡೆಯುವವರಾದ್ದರಿಂದ ನಮ್ಮ ಬೀದಿಗಳಲ್ಲಿ ದಿನಕ್ಕೆರಡು ಸಲ ಬೀಳುತ್ತಿದ್ದರು. ಹೋಗುವ ಮುಂಚೆ ನನಗೆ ಕಾಗದ ಬರೆಯುವುದನ್ನು ಕಲಿಸಿದರು. "ಯಾರಿಗೆ, ಏನು ಬೇಕು, ಯಾಕೆ ಬೇಕು, ಕೊನೆಯಲ್ಲಿ ನಿಮ್ಮ ಹೆಸರು. ಅಷ್ಟೇ ಓಬಳಮ್ಮ, ಮಿಕ್ಕಿದ್ದೆಲ್ಲ ಅಲಂಕಾರ," ಎಂದಿದ್ದರು.

ಆ ವರ್ಷವೇ ಸಮಿತಿಯವರು ಆರೋಗ್ಯ ಇಲಾಖೆಗೆ ಒಂದು ಕಾಗದ ಬರೆಯಲು ತೀರ್ಮಾನಿಸಿ ನನ್ನ ಕೈಯಲ್ಲಿ ಬರೆಸಿದರು: ನಮ್ಮ ಊರಿನವರಿಗೆ ಸೀತಾಳೆಯ ನಂತರ ವಾಲುವ ರೋಗ ಬರುತ್ತಿದೆ, ದಯವಿಟ್ಟು ಡಾಕ್ಟರನ್ನು ಕಳಿಸಿ. ಓದಿ ಹೇಳಿದಾಗ ರುದ್ರಮುನಿಯಪ್ಪನವರಿಗೆ 'ರೋಗ' ಹಿಡಿಸಲಿಲ್ಲ. ಹೆಣ್ಣು ಕೊಡುವವರು ಏನೆಂದುಕೊಂಡಾರು? 'ವೈಶಿಷ್ಟ್ಯ' ಎಂದು ಬರೆಸಿದರು. ಮುಂದಿನ ವರ್ಷ ಒಬ್ಬ ಸದಸ್ಯರಿಗೆ, ವೈಶಿಷ್ಟ್ಯವಾದರೆ ಡಾಕ್ಟರು ಯಾಕೆ ಎಂದು ಸಂಶಯ ಬಂತು. ಡಾಕ್ಟರನ್ನು ತೆಗೆದು 'ಸೂಕ್ತ ಗಣ್ಯರನ್ನು' ಹಾಕಿದರು. ಆಮೇಲೆ ಗಣ್ಯರಿಗೆ ಊಟದ ಏರ್ಪಾಡು ಯಾರದು ಎಂದು ಜಗಳವಾಗಿ ಕಾಗದ ಎರಡು ವರ್ಷ ನಿಂತಿತು. ಪ್ರತಿ ಸಲವೂ "ಓಬಮ್ಮ, ಚೊಕ್ಕವಾಗಿ ಇನ್ನೊಂದು ಪ್ರತಿ," ಎನ್ನುತ್ತಿದ್ದರು. ನಾನು ಬರೆಯುತ್ತಿದ್ದೆ. ಹೀಗೆ ಬರೆದೂ ಬರೆದೂ ನನ್ನ ಅಕ್ಷರ ಬಹಳ ಸುಧಾರಿಸಿತು. ಕಾಗದ ಮಾತ್ರ ಊರು ಬಿಡಲಿಲ್ಲ; ಅದೂ ನಮ್ಮ ಹಾಗೆಯೇ ಸುತ್ತು ಹೊಡೆದು ಅಧ್ಯಕ್ಷರ ಮೇಜಿಗೇ ಬರುತ್ತಿತ್ತು.

ಸಭೆಗೆ ಹನುಮಕ್ಕ ತುಂಗಿಯನ್ನು ಕರೆದುಕೊಂಡು ಬಂದಿದ್ದಳು. ಹುಡುಗಿ ಗೋಡೆಗೆ ಒರಗಿ ತೂಕಡಿಸುತ್ತಿತ್ತು.

"ಇದು ಬಹಳ ಸೂಕ್ಷ್ಮ ವಿಷಯ," ಎಂದು ರುದ್ರಮುನಿಯಪ್ಪನವರು ಆರಂಭಿಸಿದರು. "ತಲೆತಲಾಂತರದಿಂದ ನಾವೆಲ್ಲ ಒಂದೇ ಕಡೆ ವಾಲಿಕೊಂಡು ಬಂದಿದೀವಿ. ನಾಳೆ ಒಬ್ರು ಆ ಕಡೆ, ಒಬ್ರು ಈ ಕಡೆ ಅಂದ್ರೆ ಹಗ್ಗ ಎಲ್ಲಿ ಕಟ್ಟೋದು?"

"ಎರಡೂ ಕಡೆ ಕಟ್ಟೋಕೆ ದುಡ್ಡಿಲ್ಲ," ಎಂದರು ಯಾರೋ.

"ಸ್ವಾಮಿ," ಎಂದಳು ಹನುಮಕ್ಕ, "ಹಗ್ಗದ ಮಾತು ಆಮೇಲಾಗ್ಲಿ. ಮಗು ಏನ್ ತಿಂದ್ರೂ ನಿಲ್ತಿಲ್ಲ. ಮಧ್ಯಾಹ್ನದಿಂದ ಬರೀ ನಿದ್ದೆ. ಎಬ್ಬಿಸಿದ್ರೆ ನನ್ನನ್ನೇ ಒಂಥರಾ ನೋಡ್ತಾಳೆ."

"ಹನುಮಕ್ಕಾ, ಇವತ್ತಿನ ವಿಷಯ ದಿಕ್ಕಿಂದು. ನಿದ್ದೆ ವಿಷಯ ಬೇಕಾದ್ರೆ ಮುಂದಿನ ಸಭೇಲಿ ತಗೋಳೋಣ."

ಸೂರಪ್ಪ ಒಂದು ಉಪಾಯ ಹೇಳಿದ. ಲಂಗದ ಎಡಗಡೆ ಜೇಬು ಹೊಲಿದು ಅದರಲ್ಲಿ ಕಲ್ಲು ಹಾಕುವುದು. ದಿನದಿನಕ್ಕೂ ಕಲ್ಲು ದೊಡ್ಡದು ಮಾಡುತ್ತಾ ಹೋದರೆ ಹುಡುಗಿ ಸರಿಯಾದ ಕಡೆಗೆ ಬರುತ್ತಾಳೆ. ಸಭೆ ಚಪ್ಪಾಳೆ ತಟ್ಟಿತು. ಎಲ್ಲಿಂದಲೋ ಒಂದು ಕಲ್ಲನ್ನೂ ತಂದರು. ಅದನ್ನು ನೋಡಿದ ತುಂಗಿ ಅರೆಗಣ್ಣು ತೆರೆದು, "ಅವ್ವಾ, ಅದು ಉಂಡೇನಾ?" ಎಂದು ಕೇಳಿದಳು. ಹನುಮಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ನಾನು ಎದ್ದು ನಿಂತೆ. "ಸ್ವಾಮಿ, ಕಾಗದ ರೆಡಿ ಐತಲ್ಲ. ಒಂದು ಸಹಿ ಹಾಕಿ ಕಳಿಸ್ಬಿಡಿ. ಯಾರಾದ್ರೂ ಡಾಕ್ಟ್ರು ಬರ್ಲಿ."

ರುದ್ರಮುನಿಯಪ್ಪನವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. "ಓಬಮ್ಮ, ಕಾಗದದಲ್ಲಿ ಏನಂತ ಬರ್ದಿದೆ? 'ನಮ್ಮ ಊರಿನ ಸಮಸ್ತ ನಾಗರಿಕರು ಎಡಕ್ಕೆ ವಾಲುತ್ತಾರೆ' ಅಂತ ನೀನೇ ಬರ್ದಿದೀಯ. ಈಗ ಈ ಹುಡುಗಿ ಬಲಕ್ಕೆ ವಾಲಿದಾಳೆ. ಅಂದ್ಮೇಲೆ ಸಮಸ್ತ ಅನ್ನೋದು ಸುಳ್ಳಾಯ್ತಲ್ಲ? ಸರ್ಕಾರಕ್ಕೆ ಸುಳ್ಳು ಬರೆಯೋಕೆ ಆಗುತ್ತಾ? ಮೊದ್ಲು ಹುಡುಗಿ ಸರಿಹೋಗ್ಲಿ. ಆಮೇಲೆ ಡಾಕ್ಟ್ರನ್ನ ಕರೆಸೋಣ."

ಇಷ್ಟು ವರ್ಷ ಆ ಮನುಷ್ಯನ ವಾಕ್ಯಗಳನ್ನು ದುಂಡಗೆ ಬರೆದುಕೊಟ್ಟವಳು ನಾನು. ಅಂಥದೊಂದು ವಾಕ್ಯ ಅವರ ಬಾಯಿಂದಲೂ ಹಿಂದೆ ಬಂದಿರಲಿಲ್ಲ. ಕಾಗದವನ್ನು ನನ್ನ ಕೈಗೇ ಕೊಟ್ಟು, "ಇಟ್ಕೊಂಡಿರು, ತಿದ್ದೋದಿದೆ," ಎಂದರು.

ಸಭೆ ಮುಗಿದು ಹೊರಗೆ ಬಂದಾಗ ಹನುಮಕ್ಕ ಹಗ್ಗಕ್ಕೆ ಒರಗಿ ಅಳತೊಡಗಿದಳು. "ನಾನು ಕರ್ಕೊಂಬರ್ತೀನಿ, ನೀನು ಹಗ್ಗ ಹಿಡ್ಕೊ," ಎಂದು ತುಂಗಿಯ ಹೆಗಲು ಹಿಡಿದೆ. ಹುಡುಗಿ ನನ್ನ ಎಡಗಡೆ ಇತ್ತು. ನಾನು ಎಡಕ್ಕೆ ಅವಳ ಮೇಲೆ ವಾಲಿದೆ, ಅವಳು ಬಲಕ್ಕೆ ನನ್ನ ಮೇಲೆ ವಾಲಿದಳು. ಮನೆ ಬಾಗಿಲಿಗೆ ಬಂದು ನಿಂತಾಗ ಓಣಿಯವರು ನಮ್ಮನ್ನು ಬಾಯಿ ಬಿಟ್ಟು ನೋಡುತ್ತಿದ್ದರು. ಆಗ ಗೊತ್ತಾಯಿತು, ನಾನು ಹಗ್ಗವನ್ನೇ ಮುಟ್ಟಿರಲಿಲ್ಲ. ಬೀದಿಯ ನಟ್ಟನಡುವೆ ಬಂದಿದ್ದೆವು, ದಾರ ಎಳೆದ ಹಾಗೆ.

ಬೆಳಿಗ್ಗೆ ಹನುಮಕ್ಕನ ಕೂಗಿಗೆ ಎದ್ದು ಓಡಿದೆ. ತುಂಗಿಯ ಮೈ ಸುಡುತ್ತಿತ್ತು. ಎಬ್ಬಿಸಿದರೆ ಕಣ್ಣು ಬಿಡುತ್ತಿದ್ದಳು, ಮತ್ತೆ ಮುಚ್ಚುತ್ತಿದ್ದಳು. ತಾಯಿಯನ್ನು ನೋಡಿ, "ನೀನು ಯಾರ ಮನೇವ್ಳು?" ಎಂದಳು. ಹೊರಗಿನಿಂದ ನಮ್ಮ ಊರಿಗೆ ಬರುವುದು ಉಪ್ಪಿನ ಗಾಡಿ ಒಂದೇ, ಅದು ಬರುವುದು ಸೋಮವಾರ. ಅವತ್ತು ಮಂಗಳವಾರ. ಸೂರಪ್ಪ ಬಾಗಿಲಲ್ಲಿ ನಿಂತು, ಕಲ್ಲು ಇನ್ನೂ ಹಾಕಿಲ್ಲವೇ ಎಂದು ಕೇಳಿದ.

"ಹಾಕ್ತೀವಪ್ಪ," ಎಂದೆ. "ನಿನ್ನ ಕಲ್ಲು ಎಲ್ಲಿ ಹಾಕ್ಬೇಕು ಅಂತಾನೇ ಯೋಚ್ನೆ ಮಾಡ್ತಿದೀನಿ."

ಅವನು ಹೋದ ಮೇಲೆ ಹನುಮಕ್ಕನಿಗೆ, "ನಡಿ, ರಸ್ತೆಗೆ ಹೋಗೋಣ. ಬಸ್ಸು ಹಿಡಿಯೋಣ," ಎಂದೆ.

"ನಿಂಗೆ ತಲೆ ಕೆಟ್ಟೈತಾ ಅಜ್ಜಿ? ಬಯಲು ದಾಟಿದೋರು ಯಾರವ್ರೆ ನಮ್ಮಲ್ಲಿ? ಬಿಸಿಲಲ್ಲಿ ಸುತ್ತಿ ಸುತ್ತಿ ಮಗು ಸತ್ತೇ ಹೋಗ್ತೈತೆ."

"ನಿನ್ನೆ ನಾವಿಬ್ರೂ ಹೆಂಗ್ ಬಂದ್ವಿ ನೋಡ್ಲಿಲ್ವೇನೇ? ನಿನ್ನ ಮಗಳು ನನ್ನ ಎಡಗಡೆ ನಡಿಬೇಕು. ಅಷ್ಟೇ. ನೀನು ನನ್ನ ಸೆರಗು ಹಿಡ್ಕೊಂಡು ಹಿಂದೆ ಬಾ, ಬಿಡ್ಬೇಡ."

"ನಾನು ಎತ್ಕೊಂತೀನಿ."

"ಎತ್ಕೊಂಡ್ರೆ ನಾವು ಮೂರೂ ಜನ ಎಡಕ್ಕೇ. ಅವಳೇ ನಡಿಬೇಕು."

ಹುಣಸೆಮರದ ಹತ್ತಿರ ಹಗ್ಗ ಬಿಟ್ಟೆವು. ಅಲ್ಲಿ ಕುಳಿತಿದ್ದ ಗಂಡಸರು, "ಊಟದ ಹೊತ್ತಿಗೆ ಬರ್ತೀರಲ್ಲ ಓಬಜ್ಜಿ?" ಎಂದು ಹಂಗಿಸಿದರು. ತಿರುಗಿ ಬೈಯುವುದಕ್ಕೆ ಒಳ್ಳೆಯ ಮಾತು ನಾಲಿಗೆಯ ತುದಿಯಲ್ಲಿತ್ತು. ತಿರುಗಿದರೆ ದಿಕ್ಕು ತಪ್ಪುತ್ತದೆಂದು ನುಂಗಿಕೊಂಡೆ.

ತುಂಗಿ ಎಚ್ಚರವಾಗಿದ್ದು ಕಾಲು ಹಾಕಿದಷ್ಟು ಹೊತ್ತು ನಾವು ನೆಟ್ಟಗೆ ಹೋದೆವು. ದೂರದಲ್ಲಿ ರಸ್ತೆಯ ಅಂಚಿನ ಒಂದು ಒಣಮರ ನನ್ನ ಮೂಗಿನ ನೇರಕ್ಕೆ ಇತ್ತು. ಅವಳು ಮಂಪರಿಗೆ ಜಾರಿದಾಗ ಅವಳ ಭಾರ ನನ್ನ ಹೆಗಲಿನಿಂದ ತಪ್ಪುತ್ತಿತ್ತು. ಆಗ ಆ ಮರ ಮೆಲ್ಲಗೆ ಬಲಕ್ಕೆ ಸರಿಯುತ್ತಿತ್ತು. ಮರ ಸರಿದರೆ ನಾವು ತಿರುಗುತ್ತಿದ್ದೇವೆಂದು ಅರ್ಥ. ಮರ ಸರಿದಾಗೆಲ್ಲ ಹುಡುಗಿಯನ್ನು ಅಲುಗಾಡಿಸಿ ಎಬ್ಬಿಸುತ್ತಿದ್ದೆ.

"ತುಂಗೀ, ಮಲಗ್ಬೇಡ. ಅಧ್ಯಕ್ಷರು ಹೆಂಗ್ ಮಾತಾಡ್ತಾರೆ ಹೇಳು ನೋಡಾನ."

"...ಸೂಕ್ಷ್ಮ ವಿಷಯ," ಎಂದಿತು ಹುಡುಗಿ, ಕಣ್ಣು ಬಿಡದೆ.

"ಆಮೇಲೆ?"

"ಮುಂದಿನ್ ಸಭೇಲಿ."

"ಭೇಷ್! ಇನ್ನೊಂದ್ಸಲ ಹೇಳು. ಜೋರಾಗಿ."

"ಸೂಕ್ಷ್ಮ ವಿಷಯ! ಮುಂದಿನ್ ಸಭೇಲಿ!" ಅವಳ ಭಾರ ಮತ್ತೆ ನನ್ನ ಹೆಗಲಿಗೆ ಬಂತು. ಮರ ಮೂಗಿನ ನೇರಕ್ಕೆ ಬಂದು ನಿಂತಿತು. ರುದ್ರಮುನಿಯಪ್ಪನವರ ಮಾತಿನಿಂದ ಒಬ್ಬರಿಗೆ ಎಚ್ಚರವಾದದ್ದನ್ನು ನಾನು ಕಂಡದ್ದು ಆ ಒಂದೇ ಸಲ.

ಆಮೇಲೆ ಅದೂ ಸಾಲದಾಯಿತು. ಬಯಲಿನ ಆಚೆ ತುದಿಯಲ್ಲಿ ಅವಳು ನಿಂತೇ ಬಿಟ್ಟಳು, ಹಾಗೆಯೇ ಕುಸಿದಳು. ಹನುಮಕ್ಕ ಹಿಂದಿನಿಂದ ಅವಳ ಕಂಕುಳಿಗೆ ಕೈ ಕೊಟ್ಟು, ಅಳುತ್ತಾ, ಕಿವಿಯಲ್ಲಿ ಬೈಯತೊಡಗಿದಳು: "ನಡಿಯೇ ಮುಂಡೇದೇ, ನಡಿಯೇ ನನ್ನವ್ವಾ, ನೀನು ಬಲಕ್ಕಾದ್ರೂ ವಾಲು, ಆಕಾಶಕ್ಕಾದ್ರೂ ವಾಲು, ನಡಿಯೇ." ಕಾಲು ಎತ್ತಿದಳು ಹುಡುಗಿ. ಎಳೆದುಕೊಂಡು ಹೋದೆವೋ, ನಡೆದೆವೋ, ಕಾಲಿನ ಕೆಳಗೆ ಮಣ್ಣು ಹೋಗಿ ಟಾರು ಬಂತು.

ಬಸ್ಸಿನ ಕಂಡಕ್ಟರು ನಮ್ಮನ್ನು ನೋಡಿ, "ಏನಜ್ಜಿ, ಬೆಳಬೆಳಿಗ್ಗೇನೇ ಹಾಕಿದ್ದೀರಾ?" ಎಂದ.

"ಇಲ್ಲಪ್ಪ. ಇದು ನಮ್ಮೂರಿನ ವೈಶಿಷ್ಟ್ಯ. ಸಮಿತಿ ತೀರ್ಮಾನ ಮಾಡೈತೆ. ಈ ಮಗೂನ ಆಸ್ಪತ್ರೆ ಮುಟ್ಟಿಸು."

ಅವನು ತುಂಗಿಯ ಮುಖ ನೋಡಿದ. ಆಮೇಲೆ ನಗಲಿಲ್ಲ. ಡ್ರೈವರಿಗೆ ಏನೋ ಕೂಗಿದ; ಬಸ್ಸು ಆಸ್ಪತ್ರೆಯ ಬಾಗಿಲವರೆಗೂ ಎಲ್ಲಿಯೂ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು. ತುಂಗಿಯ ಕಣ್ಣಿಗೆ ಬೆಳಕು ಬಿಟ್ಟಳು, ಕತ್ತು ಬಗ್ಗಿಸಿ ನೋಡಿದಳು, ಸೂಜಿ ಹಾಕಿಸಿ ಒಳಗೆ ಕರೆದುಕೊಂಡು ಹೋದಳು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು ನಮ್ಮ ಪಕ್ಕ ಕುಳಿತಳು. "ಸೀತಾಳೆಯ ವೈರಸ್ಸು ಕೆಲವು ಸಲ ಮೆದುಳಿಗೂ ತೊಂದರೆ ಕೊಡುತ್ತೆ ಅಮ್ಮ. ಬರೀ ನಡಿಗೆ ತಪ್ಪಿದ್ರೆ, ಮಕ್ಕಳಲ್ಲಿ ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನಾಗೇ ಹೋಗಿಬಿಡುತ್ತೆ."

"ನಮ್ಮೂರಲ್ಲಿ ಏನೂ ತಾನಾಗೇ ಹೋಗಲ್ಲ ಡಾಕ್ಟ್ರಮ್ಮ," ಎಂದೆ. "ಹೋಗೋಕೆ ದಾರಿ ಇಲ್ಲ."

"ಆದರೆ ಇವಳಿಗೆ ಮೆದುಳೇ ಊದಿಕೊಂಡಿದೆ. ಔಷಧಿ ಶುರು ಮಾಡಿದೀವಿ. ಈ ವಾಂತಿ, ಈ ಮಂಪರು ಬಂದಾಗ ಒಂದು ಗಂಟೆನೂ ಕಾಯಬಾರದಿತ್ತು. ನಿನ್ನೆನೇ ಯಾಕೆ ತರಲಿಲ್ಲ?"

ನಾನು ಹೇಳಿದೆ: "ಯಾವ ಕಡೆ ವಾಲ್ಬೇಕು ಅನ್ನೋದು ನಿನ್ನೆ ಇನ್ನೂ ತೀರ್ಮಾನ ಆಗಿರ್ಲಿಲ್ಲ."

ಡಾಕ್ಟರು ನನ್ನನ್ನೇ ನೋಡಿದಳು. ನನಗೂ ಏನಾದರೂ ಊದಿಕೊಂಡಿದೆಯೇ ಎಂದು ಯೋಚಿಸುತ್ತಿರಬೇಕು.

ಕೆಲವು ದಿನ ಏನೂ ಹೇಳಲಾಗದು ಎಂದರು. ಆ ದಿನಗಳಲ್ಲಿ ಹನುಮಕ್ಕ ಮಂಚದ ಕಾಲು ಹಿಡಿದುಕೊಂಡು ಕುಳಿತಿದ್ದಳು; ಆಸ್ಪತ್ರೆಯಲ್ಲಿ ಹಗ್ಗವಿರಲಿಲ್ಲ. ಒಂದು ಬೆಳಿಗ್ಗೆ ನರ್ಸು ಬ್ರೆಡ್ಡು ತಂದಿಟ್ಟಾಗ ತುಂಗಿ ಕಣ್ಣು ಬಿಟ್ಟು, ತಾಯಿಯನ್ನು ಚೆನ್ನಾಗಿ ನೋಡಿ, "ಅವ್ವಾ, ಅವತ್ತು ನನ್ನ ಕೊಬ್ಬರಿ ಬೆಲ್ಲ ಯಾರು ತಿಂದ್ರು?" ಎಂದಳು. ಹನುಮಕ್ಕ ಅತ್ತ ಅಳುವಿಗೆ ಪಕ್ಕದ ವಾರ್ಡಿನವರೂ ಎದ್ದು ಬಂದರು.

ಅವಳು ಮಂಚದಿಂದಿಳಿದು ಓಡಾಡುವಂತಾದ ಮೇಲೆ ನಾನು ಮಡಿಲಿನಲ್ಲಿದ್ದ ಕಾಗದ ತೆಗೆದೆ. ಸಮಸ್ತ ನಾಗರಿಕರು, ವೈಶಿಷ್ಟ್ಯ, ಸೂಕ್ತ ಗಣ್ಯರು, ಊಟೋಪಚಾರ. ಬಹಳ ಚೆಂದದ ಅಕ್ಷರ. ಅದನ್ನು ಮಡಿಸಿ ತುಂಗಿಯ ಮಂಚದ ಎಡಗಾಲಿನ ಕೆಳಗೆ ಇಟ್ಟೆ. ಆ ಕಾಲು ಸ್ವಲ್ಪ ಗಿಡ್ಡವಾಗಿ ಮಂಚ ಕುಂಟುತ್ತಿತ್ತು. ಈಗ ನಿಂತಿತು. ಅಷ್ಟು ವರ್ಷಗಳ ಕೆಲಸ ದಂಡವಾಯಿತೆಂದು ಹೇಳುವ ಹಾಗಿಲ್ಲ.

ನರ್ಸಿನ ಹತ್ತಿರ ಬೇರೆ ಹಾಳೆ ಕೇಳಿ ಬರೆದೆ. ಆರೋಗ್ಯ ಇಲಾಖೆಯವರಿಗೆ. ನಮ್ಮ ಊರಿಗೆ ಒಬ್ಬ ಡಾಕ್ಟರು ಬೇಕು. ಸೀತಾಳೆ ಬಂದ ಮಕ್ಕಳು ಆಮೇಲೆ ವಾಲುತ್ತಾರೆ, ಕೆಲವರು ಎದ್ದೇಳುವುದಿಲ್ಲ, ನಮಗೆ ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲ. ಬರುವವರು ದಯವಿಟ್ಟು ತಾವೇ ಬರಬೇಕು, ನಾವು ಬಂದು ಕರೆತರಲು ಆಗುವುದಿಲ್ಲ. ಇಂತಿ, ಓಬಳಮ್ಮ. ಯಾರಿಗೆ, ಏನು, ಯಾಕೆ, ಹೆಸರು. ಸಹಿಗೆ ಸಭೆ ಬೇಕಾಗಲಿಲ್ಲ. ಸಮಿತಿಯವರು ಇದಕ್ಕೊಂದು ಖಂಡನಾ ನಿರ್ಣಯ ಮಾಡುವುದು ಖಂಡಿತ. ಅದನ್ನು ಚೊಕ್ಕವಾಗಿ ಬರೆದುಕೊಡಲು ನನಗೇ ಹೇಳಿ ಕಳಿಸುವುದೂ ಖಂಡಿತ.

ಟಪಾಲು ಡಬ್ಬಿ ಇದ್ದದ್ದು ಆಸ್ಪತ್ರೆಯ ಗೇಟಿನ ಹೊರಗೆ. ತುಂಗಿ ನನ್ನ ಎಡಗಡೆ ಬಂದು ನಿಂತಳು. ಅಭ್ಯಾಸಬಲದಿಂದ ನಾನು ಅವಳ ಮೇಲೆ ವಾಲಿ, ಅವಳ ಭಾರ ಬರುತ್ತದೆಂದು ಕಾದೆ. ಬರಲಿಲ್ಲ. ಹುಡುಗಿ ನೆಟ್ಟಗೆ ನಿಂತಿದ್ದಳು. ನಾನು ಬೀಳುವುದರೊಳಗೆ ಎರಡೂ ಕೈಯಿಂದ ಹಿಡಿದುಕೊಂಡಳು.

"ಭಾರ ಇದೀಯ ಅಜ್ಜಿ."

"ಇರ್ತೀನಿ ಮತ್ತೆ. ಬಿಡ್ಬೇಡ."

ಅವಳು ನನ್ನನ್ನು ಡಬ್ಬಿಯವರೆಗೂ ತಳ್ಳಿಕೊಂಡು ಹೋದಳು. ನನ್ನ ಕಣ್ಣಿಗೆ ಡಬ್ಬಿಯ ಬಾಯಿ ಓರೆಯಾಗಿ ಕಂಡಿತು. ಕಾಗದ ಎರಡು ಸಲ ಅಂಚಿಗೆ ತಾಗಿ ವಾಪಸು ಬಂತು. ತುಂಗಿ ನನ್ನ ಮಣಿಕಟ್ಟು ಹಿಡಿದು ಸ್ವಲ್ಪ ಬಲಕ್ಕೆ ತಿರುಗಿಸಿದಳು. ಒಳಗೆ ಅದು ಬಿದ್ದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು.